ಚಿಕ್ಕ ಟ್ರೇಲರ್, ನಾಲ್ಕು ಜನ, ಮತ್ತು ತೂಕದ ಲೆಕ್ಕ

ಕಾರಿನ ಹಿಂದೆ ಚಿಕ್ಕ ಟ್ರೇಲರ್ ಕಟ್ಟಿಕೊಂಡು ಮನೆಮಂದಿಯೆಲ್ಲ ಸುತ್ತಾಡುತ್ತೇವೆ ಅಂದರೆ ಜನ ಮೊದಲು ಕೇಳುವುದು, ನಾಲ್ಕು ಜನಕ್ಕೆ ಮಲಗೋಕೆ ಜಾಗ ಸಾಲುತ್ತಾ ಅಂತ. ಸಾಲುತ್ತದೆ. ಹಗಲಿನ ಊಟದ ಟೇಬಲ್ ಇಳಿಸಿದರೆ ರಾತ್ರಿ ಅದೇ ಹಾಸಿಗೆ. ನಾನು ತಲೆ ಕೆಡಿಸಿಕೊಳ್ಳುವುದು ಜಾಗಕ್ಕಲ್ಲ, ತೂಕಕ್ಕೆ. ಯಾವ ಸಾಮಾನು ಎಲ್ಲಿ ಕೂತಿದೆ ಅನ್ನುವುದರ ಮೇಲೆ ಇಡೀ ಪ್ರಯಾಣ ನಿಂತಿರುತ್ತದೆ.

ಟ್ರೇಲರ್‌ನ ಮೂಕಿ, ಅಂದರೆ ಮುಂದಕ್ಕೆ ಚಾಚಿದ ಭಾಗ, ಕಾರಿನ ಹಿಚ್ (ಟ್ರೇಲರ್ ಸಿಕ್ಕಿಸುವ ಹಿಂದಿನ ಕೊಂಡಿ) ಮೇಲೆ ಎಷ್ಟು ಭಾರ ಒತ್ತುತ್ತದೆ ಅನ್ನುವುದೇ ಮುಖ್ಯ. ಅಮೆರಿಕದ ಕಡೆ ಟ್ರೇಲರ್‌ನ ಒಟ್ಟು ತೂಕದ ಶೇಕಡಾ 10ರಿಂದ 15 ಅಲ್ಲಿ ಕೂರಬೇಕು ಅನ್ನುತ್ತಾರೆ, ಯುರೋಪಿನ ಕ್ಯಾರವಾನ್‌ನವರು 5ರಿಂದ 7 ಅನ್ನುತ್ತಾರೆ. ನಿಮ್ಮ ಕಾರು ಮತ್ತು ಹಿಚ್ ಮೇಲೆ ಬರೆದಿರುವ ಮಿತಿ ದಾಟಬಾರದು, ಅಷ್ಟೇ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೆದ್ದು ಬಿಡುತ್ತದೆ, ಅಲ್ವಾ? ಟ್ರೇಲರ್‌ನಲ್ಲಿ ಹಾಗಾದರೆ ವೇಗ ಹೆಚ್ಚಿದಂತೆ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತದೆ.

ನಾನು ಅಳೆಯುವುದು ಮನೆಯಲ್ಲಿ ನಾವು ತೂಕ ನೋಡಿಕೊಳ್ಳುವ ಯಂತ್ರದಲ್ಲೇ. ಸಾಮಾನೆಲ್ಲ ತುಂಬಿದ ಮೇಲೆ, ಸಮತಟ್ಟು ನೆಲದಲ್ಲಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಮೂಕಿಯನ್ನು ಹಿಚ್‌ನ ಎತ್ತರಕ್ಕೇ ಬರುವ ಹಾಗೆ ಅದರ ಮೇಲೆ ಇಳಿಸುತ್ತೇನೆ. 900 ಕಿಲೋ ಟ್ರೇಲರ್ ಆದರೆ ಶೇಕಡಾ 10ರ ಲೆಕ್ಕಕ್ಕೆ 90 ಕಿಲೋ ಕಾಣಬೇಕು. ಚಿಕ್ಕ ಟ್ರೇಲರ್‌ಗೆ ಈ ಉಪಾಯ ಸಾಕು, ದೊಡ್ಡದಕ್ಕೆ ಯಂತ್ರವೇ ಮುರಿದೀತು. ಈ ಭಾರ ಕಾರಿನ ಲೆಕ್ಕಕ್ಕೂ ಸೇರುತ್ತದೆ ಅನ್ನುವುದನ್ನು ತುಂಬಾ ಜನ ಮರೆಯುತ್ತಾರೆ. ಕಾರಿನೊಳಗೆ ನಾಲ್ಕು ಜನ, ಡಿಕ್ಕಿಯಲ್ಲಿ ಚೀಲ, ಅದರ ಮೇಲೆ ಮೂಕಿಯ ಭಾರ.

ಹಾಗಾಗಿ ಭಾರದ ಡಬ್ಬಿಗಳು ನೆಲದ ಮೇಲೆ, ಆಕ್ಸಲ್‌ನ (ಚಕ್ರಗಳ ಅಚ್ಚಿನ) ನೇರಕ್ಕೆ ಅಥವಾ ತುಸು ಮುಂದೆ. ಮೇಲಿನ ಕಪಾಟಿನಲ್ಲಿ ಬಟ್ಟೆ, ಹೊದಿಕೆ, ಬಿಸ್ಕತ್ತು ಮಾತ್ರ. ಸೈಕಲ್‌ಗಳನ್ನು ಟ್ರೇಲರ್‌ನ ಹಿಂದೆ ನೇತುಹಾಕುವುದಿಲ್ಲ, ಮಕ್ಕಳು ಎಷ್ಟು ಗೋಗರೆದರೂ ಇಲ್ಲ. ನೀರು ಒಂದು ಲೀಟರಿಗೆ ಒಂದು ಕಿಲೋ, ಅಂದರೆ 80 ಲೀಟರ್ ಟ್ಯಾಂಕ್ ತುಂಬಿದರೆ ಒಬ್ಬ ದೊಡ್ಡ ಮನುಷ್ಯನನ್ನೇ ಹೇರಿಕೊಂಡ ಹಾಗೆ. ಹೋಗುವ ಕಡೆ ನಲ್ಲಿ ಇದ್ದರೆ ಟ್ಯಾಂಕ್ ಖಾಲಿ ಇಟ್ಟುಕೊಂಡೇ ಹೊರಡುತ್ತೇವೆ. ಮಕ್ಕಳಿಗೆ ತಲೆಗೊಂದು ಡಬ್ಬ. ಅದರಲ್ಲಿ ಹಿಡಿಸಿದಷ್ಟು ಆಟದ ಸಾಮಾನು, ಮುಚ್ಚಳ ಮುಚ್ಚಲೇಬೇಕು.

ಇಷ್ಟೆಲ್ಲ ಮಾಡಿದರೂ ಇಳಿಜಾರಲ್ಲೋ, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗಲೋ ಟ್ರೇಲರ್ ಓಲಾಡಬಹುದು. ಆಗ ಕಾಲು ತಾನಾಗಿ ಬ್ರೇಕ್ ಕಡೆ ಹೋಗುತ್ತದೆ. ಹೋಗಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಕಾರು ತಾನೇ ನಿಧಾನವಾಗಲು ಬಿಡಬೇಕು. ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಕಾರಿನೊಳಗಿನ ಬ್ರೇಕ್ ಕಂಟ್ರೋಲರ್‌ನ ಲಿವರನ್ನು ಕೈಯಿಂದ ಮೆಲ್ಲಗೆ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಾಕಬಹುದು. ಓಲಾಟ ನಿಂತ ಮೇಲೆ ಸುಮ್ನೆ ಮುಂದೆ ಹೋಗದೆ, ನಿಲ್ಲಿಸಿ, ಟ್ರೇಲರ್‌ನ ಹಿಂಭಾಗದಲ್ಲಿ ಭಾರದ ಸಾಮಾನು ಏನಿದೆ ನೋಡಿ ಮುಂದಕ್ಕೆ ತನ್ನಿ.

ಟ್ರೇಲರ್ ಜೋಡಿಸುವ ಕೆಲಸ ಒಬ್ಬರದೇ ಆಗಿರಬೇಕು ಅನ್ನುವುದು ನನ್ನ ಹಟ. ಇಬ್ಬರು ಸೇರಿದರೆ ಅವನು ನೋಡಿದ್ದಾನೆ ಅಂತ ಇವಳು, ಇವಳು ನೋಡಿದ್ದಾಳೆ ಅಂತ ಅವನು. ಲ್ಯಾಚ್ ಹಾಕಿ ಪಿನ್ ತೂರಿಸಿದ ಮೇಲೆ ಜ್ಯಾಕ್ ತಿರುಗಿಸಿ ಮೂಕಿಯನ್ನು ಸ್ವಲ್ಪ ಎತ್ತುತ್ತೇನೆ. ಜೊತೆಗೆ ಕಾರಿನ ಹಿಂಭಾಗವೂ ಮೇಲೇಳಬೇಕು. ಕಾರು ಅಲ್ಲಾಡದೆ ಮೂಕಿ ಮಾತ್ರ ಎದ್ದರೆ ಹಿಚ್‌ನ ಗುಂಡು ಒಳಗೆ ಕೂತಿಲ್ಲ ಅಂತ ಅರ್ಥ. ಸರಪಳಿ ಎರಡನ್ನೂ ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕಬೇಕು. ಕೊಂಡಿ ಕಳಚಿದರೂ ಮೂಕಿ ಸರಪಳಿಯ ಮೇಲೆ ಬೀಳುತ್ತದೆ, ರಸ್ತೆಗೆ ಗುದ್ದುವುದಿಲ್ಲ. ದೀಪ ಪರೀಕ್ಷೆ ಮಗಳ ಕೆಲಸ. ಹಿಂದೆ ನಿಂತು ಎಡ, ಬಲ, ಬ್ರೇಕ್ ಅಂತ ಕೂಗುತ್ತಾಳೆ, ಅದರಲ್ಲಿ ಅವಳಿಗೆ ವಿಪರೀತ ಗಾಂಭೀರ್ಯ.

ರಿವರ್ಸ್ ವಿಷಯದಲ್ಲಿ ಚಿಕ್ಕ ಟ್ರೇಲರ್ ಸುಲಭ ಅಂದುಕೊಳ್ಳಬೇಡಿ. ಮೂಕಿಯಿಂದ ಆಕ್ಸಲ್‌ಗೆ ದೂರ ಕಡಿಮೆ, ಹಾಗಾಗಿ ಬೇಗ ತಿರುಗಿ ಮಡಚಿಕೊಳ್ಳುತ್ತದೆ. ಸ್ಟೀರಿಂಗ್‌ನ ಕೆಳಭಾಗ ಹಿಡಿಯಿರಿ. ಕೈ ಯಾವ ಕಡೆ ಹೋಗುತ್ತದೋ ಟ್ರೇಲರ್‌ನ ಹಿಂಭಾಗ ಅದೇ ಕಡೆ ಹೋಗುತ್ತದೆ. ಹೆಂಡತಿ ನನ್ನ ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ಕೈಸನ್ನೆ ಮಾಡುತ್ತಾಳೆ. ಅವಳು ಕಾಣದಿದ್ದರೆ ಕಾರು ನಿಲ್ಲಬೇಕು. ಕೂಗಾಟ ಇಲ್ಲ.

ನಿಲ್ಲಿಸಿದ ಮೇಲೆ ಒಂದು ಕ್ರಮ ಇದೆ, ಅದನ್ನು ಬದಲಿಸುವುದಿಲ್ಲ. ತಗ್ಗಿರುವ ಚಕ್ರದ ಕೆಳಗೆ ಹಲಗೆ ಇಟ್ಟು ಎಡ ಬಲ ಸಮ ಮಾಡಬೇಕು, ಚಕ್ರಕ್ಕೆ ಅಡ್ಡಗಟ್ಟೆ ಕೊಡಬೇಕು, ಆಮೇಲೇ ಕಾರು ಬಿಡಿಸಬೇಕು. ಹಿಂದೆ ಮುಂದೆ ಸಮ ಮಾಡುವುದು ಕೊನೆಗೆ, ಮೂಕಿಯ ಜ್ಯಾಕಿನಲ್ಲಿ. ಮೂಲೆಯ ಕಾಲುಗಳು ಅಲ್ಲಾಟ ತಡೆಯೋಕೆ ಇರುವುದು, ಟ್ರೇಲರ್ ಎತ್ತೋಕೆ ಅಲ್ಲ. ರಾತ್ರಿ ಎಷ್ಟೇ ಚಳಿ ಇದ್ದರೂ ಚಾವಣಿಯ ಕಿಂಡಿ ಒಂದು ಬೆರಳಷ್ಟು ತೆರೆದಿರುತ್ತದೆ. ಇಲ್ಲದಿದ್ದರೆ ನಾಲ್ಕು ಜನರ ಉಸಿರಿಗೆ ಬೆಳಗ್ಗೆ ಗೋಡೆಯಲ್ಲಿ ನೀರು ಇಳಿಯುತ್ತದೆ. ಗ್ಯಾಸ್ ಒಲೆ ಹಚ್ಚಿ ಒಳಗೆ ಬೆಚ್ಚಗೆ ಮಾಡಿಕೊಳ್ಳುವುದಂತೂ ಬೇಡವೇ ಬೇಡ, ಅದರಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಇನ್ನು ಚಕ್ರ. ಟ್ರೇಲರ್ ವರ್ಷದ ಹೆಚ್ಚು ದಿನ ನಿಂತೇ ಇರುವುದರಿಂದ ಟೈರ್ ಸವೆಯುವ ಮೊದಲೇ ಹಳತಾಗುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿ ನೋಡಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹೊಸದಾಗಿ ಚಕ್ರ ಹಾಕಿಸಿದ್ದರೆ 80 ಕಿ.ಮೀ. ಹೋದ ಮೇಲೆ ನಟ್‌ಗಳನ್ನು ಮತ್ತೆ ಬಿಗಿ ಮಾಡುತ್ತೇನೆ. ಪ್ರತಿ ನಿಲುಗಡೆಯಲ್ಲೂ, ಮಕ್ಕಳು ಕಾಲು ಚಾಚಿಕೊಳ್ಳುವಾಗ, ಚಕ್ರದ ನಡುವಿನ ಹಬ್‌ಗಳ ಹತ್ತಿರ ಕೈ ತಂದು ನೋಡುತ್ತೇನೆ. ಎರಡೂ ಒಂದೇ ಥರ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಜಾಸ್ತಿ ಬಿಸಿಯಾಗಿದ್ದರೆ ಬೇರಿಂಗ್ ಒಣಗಿರಬಹುದು ಅಥವಾ ಬ್ರೇಕ್ ಹಿಡಿದುಕೊಂಡಿರಬಹುದು, ಅದನ್ನು ನೋಡಿಸದೆ ಮುಂದಕ್ಕೆ ಹೋಗುವುದಿಲ್ಲ.