ಉಪ್ಪಿನಕಾಯಿ ಬಾಟಲಿಯ ವಾಯುಭಾರಮಾಪಕ

ಅಗಲ ಬಾಯಿಯ ಖಾಲಿ ಗಾಜಿನ ಬಾಟಲಿಗೆ, ಕುತ್ತಿಗೆ ಕತ್ತರಿಸಿದ ಬಲೂನನ್ನು ಸುಕ್ಕಿಲ್ಲದಂತೆ ಎಳೆದು ಹೊದಿಸಿ ಎರಡು ರಬ್ಬರ್ ಬ್ಯಾಂಡ್ ಬಿಗಿದರೆ, ಗಾಳಿಯ ಒತ್ತಡದ ಏರಿಳಿತ ತೋರಿಸುವ ವಾಯುಭಾರಮಾಪಕ ಮುಕ್ಕಾಲು ಮುಗಿದಂತೆ. ತೆಂಗಿನ ಪೊರಕೆಯ ಒಂದಡಿ ಕಡ್ಡಿಯ ತುದಿಯನ್ನು ಬಲೂನಿನ ನಟ್ಟನಡುವೆ ಅಂಟಿಸಿ. ಕಡ್ಡಿ ಬಾಟಲಿಯ ಅಂಚಿನ ಮೇಲೆ ಹಾದು ಹೊರಚಾಚಿರಲಿ, ಆ ತುದಿಯ ಹಿಂದೆ ಗೆರೆ ಎಳೆದ ರಟ್ಟು ನಿಲ್ಲಿಸಿ. ಹೊರಗಿನ ಒತ್ತಡ ಏರಿದರೆ ಬಲೂನು ಒಳಕ್ಕೆ ತಗ್ಗಿ ತುದಿ ಮೇಲೇಳುತ್ತದೆ, ಇಳಿದರೆ ಬಲೂನು ಉಬ್ಬಿ ತುದಿ ಕೆಳಗಾಗುತ್ತದೆ. ಪ್ಲಾಸ್ಟಿಕ್ ಬಾಟಲಿ ಬೇಡವೇ ಬೇಡ, ಅದರ ಮೈಯೇ ಬಳುಕುತ್ತದೆ. ಇದರ ದೊಡ್ಡ ಶತ್ರು ಬಿಸಿ: ಒಳಗಿನ ಗಾಳಿ 1 ಡಿಗ್ರಿ ಸೆಲ್ಸಿಯಸ್ ಕಾದರೂ ಒತ್ತಡ ಸುಮಾರು 3 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಕುಸಿದಂತೆ ತೋರಿಸುತ್ತದೆ. ಹಾಗಾಗಿ ಒಲೆ, ಕಿಟಕಿಗಳಿಂದ ದೂರ, ಬಾಟಲಿಯನ್ನು ಹಳೇ ಥರ್ಮಕೋಲ್ ಡಬ್ಬಿಯೊಳಗೆ ಕೂರಿಸಿ. ನಮ್ಮ ಕಡೆ ಒತ್ತಡ ಬೆಳಿಗ್ಗೆ 10ರ ಸುಮಾರಿಗೆ ಏರಿ ಸಂಜೆ 4ರ ಹೊತ್ತಿಗೆ ತಾನಾಗಿಯೇ ತಗ್ಗುತ್ತದೆ; ಅದನ್ನೇ ಮಳೆಯ ಮುನ್ಸೂಚನೆ ಎಂದುಕೊಂಡು ಒಣಹಾಕಿದ ಬಟ್ಟೆ ಎತ್ತಬೇಡಿ. ದಿನಾ ಒಂದೇ ಹೊತ್ತಿಗೆ ಗುರುತು ಹಾಕಿ ನಿನ್ನೆಯದಕ್ಕೆ ಹೋಲಿಸಿ. ಬೇಸಿಗೆಯ ಗುಡುಗುಮಳೆಯನ್ನು ಇದು ಹೇಳುವುದಿಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಹತ್ತಿರ ಬಂದರೆ ಸುಳಿವು ಕೊಡುತ್ತದೆ. ದಿನ ಕಳೆದಂತೆ ರಬ್ಬರಿನ ಮೂಲಕ ಗಾಳಿ ಸೋರಿ ಕಡ್ಡಿ ಅಲುಗದೆ ನಿಂತುಬಿಡುತ್ತದೆ, ಆಗ ಹೊಸ ಬಲೂನು ಕಟ್ಟಿ.