ನಾಲ್ಕು ಯೋಗಮಾರ್ಗಗಳನ್ನು ಹೋಲಿಸಿ ನೋಡುವುದು ಹೇಗೆ?

ಕರ್ಮ, ಭಕ್ತಿ, ಜ್ಞಾನ, ರಾಜಯೋಗಗಳನ್ನು ಸಾಲಾಗಿ ಬರೆದುಕೊಂಡು ‘ನಮಗೆ ಯಾವುದು ಸುಲಭ?’ ಎಂದು ಹುಡುಕುವುದು ಬಹಳ ಜನ ಮಾಡುವ ತಪ್ಪು. ಹೋಲಿಸುವ ಕ್ರಮವೇ ಬೇರೆ.

ಹೆಜ್ಜೆ 1: ಯಾವ ಮಾರ್ಗ ಯಾವುದನ್ನು ಹಿಡಿದು ಸಾಗುತ್ತದೆ ನೋಡಿ. ಕರ್ಮಕ್ಕೆ ಕೆಲಸ, ಭಕ್ತಿಗೆ ಭಾವ, ಜ್ಞಾನಕ್ಕೆ ವಿಚಾರ, ರಾಜಯೋಗಕ್ಕೆ ಏಕಾಗ್ರತೆ. ಇಷ್ಟು ಸಾಕು.

ಹೆಜ್ಜೆ 2: ಪೂರ್ವಸಿದ್ಧತೆ ಏನು ಎಂದು ಕೇಳಿ. ಓದುವ ಅಭ್ಯಾಸವಿದ್ದರೆ ಜ್ಞಾನಮಾರ್ಗ ಸಲೀಸು ಎಂಬ ಭ್ರಮೆ ಬೇಡ. ಅದ್ವೈತ ಸಂಪ್ರದಾಯದಲ್ಲಿ ವಿವೇಕ (ನಿತ್ಯ ಯಾವುದು, ಅನಿತ್ಯ ಯಾವುದು ಎಂಬ ಅರಿವು), ವೈರಾಗ್ಯ, ಶಮದಮಾದಿ (ಮನಸ್ಸು, ಇಂದ್ರಿಯಗಳ ಹಿಡಿತ ಮೊದಲಾದ) ಆರು ಗುಣಗಳು, ಮುಮುಕ್ಷುತ್ವ (ಮೋಕ್ಷದ ಹಂಬಲ) ಮೊದಲು. ಶ್ರವಣ (ಗುರುವಿನಿಂದ ಕೇಳುವುದು), ಮನನ (ಅದನ್ನು ವಿಚಾರ ಮಾಡುವುದು), ನಿದಿಧ್ಯಾಸನ (ಅದರಲ್ಲೇ ಮನಸ್ಸು ನಿಲ್ಲಿಸುವುದು) ಆಮೇಲೆ. ರಾಜಯೋಗದ ಎಂಟು ಅಂಗಗಳಲ್ಲೂ ಆಸನ ಮೂರನೆಯದು; ಯಮ (ಅಹಿಂಸೆ, ಸತ್ಯದಂಥ ಸಂಯಮ), ನಿಯಮ (ಶೌಚ, ಸಂತೋಷದಂಥ ಶಿಸ್ತು) ಅದಕ್ಕೂ ಮೊದಲು. ಈ ಮಾರ್ಗದ ಮೂಲಗ್ರಂಥ ಪತಂಜಲಿಯ ಯೋಗಸೂತ್ರದ ಸುಮಾರು 195 ಸೂತ್ರಗಳಲ್ಲಿ ಆಸನವನ್ನು ನೇರವಾಗಿ ಹೇಳುವವು ಮೂರೇ. ಒಂದೇ ವಾರದಲ್ಲಿ ಕುಂಡಲಿನಿ (ಒಳಗೆ ಸುಪ್ತವಾಗಿದೆ ಎನ್ನುವ ಶಕ್ತಿ) ಎಬ್ಬಿಸುತ್ತೇವೆ ಎನ್ನುವ ಕೋರ್ಸುಗಳಿಗೆ ದುಡ್ಡು ಕಟ್ಟಬೇಡಿ. ಯಮ, ನಿಯಮಗಳ ಮಾತೇ ಎತ್ತದ ಕಡೆ ರಾಜಯೋಗ ಕಲಿಯಲಾಗದು.

ಹೆಜ್ಜೆ 3: ಕರ್ಮಯೋಗದ ಹತ್ತಿರ ನಿಧಾನಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಫಲದ ಆಸೆ ಬಿಡು ಎಂದರೆ ಹೇಗೋ ಮಾಡಿ ಮುಗಿಸು ಎಂದಲ್ಲ. ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕ, ಕೆಲಸ ಮಾಡದಿರುವುದಕ್ಕೂ ಅಂಟಿಕೊಳ್ಳಬೇಡ ಎಂದೇ ಮುಗಿಯುತ್ತದೆ. ಆ ಕೊನೆಯ ಪಾದವನ್ನು ಬಿಟ್ಟು ಓದಿದವರು ಉದಾಸೀನವನ್ನೇ ವೈರಾಗ್ಯ ಎಂದುಕೊಳ್ಳುತ್ತಾರೆ. ಹಾಸಿಗೆ ಹಿಡಿದವರ ಆರೈಕೆಯನ್ನೇ ತೆಗೆದುಕೊಳ್ಳಿ. ಹೊತ್ತಿಗೆ ಸರಿಯಾಗಿ, ಅಳತೆ ತಪ್ಪದೆ ಔಷಧಿ ಕೊಡುವುದು ನಮ್ಮ ಪಾಲು. ಗುಣವಾಗುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಇದು ಎಲ್ಲರಿಗೂ ತಿಳಿಯುತ್ತದೆ. ಆದರೆ ‘ಇಷ್ಟೆಲ್ಲ ಮಾಡಿದೆ, ಒಂದು ಒಳ್ಳೆಯ ಮಾತೂ ಆಡಲಿಲ್ಲ’ ಎಂಬ ನೋವೂ ಫಲದ ಆಸೆಯೇ ಎಂಬುದು ಹೊಳೆಯುವುದಿಲ್ಲ. ‘ನಾನು ಮಾಡಿದೆ’ ಎಂಬುದು ಕರಗುವ ತನಕ ಅದು ಒಳ್ಳೆಯ ಸೇವೆ, ಕರ್ಮಯೋಗ ಅಲ್ಲ.

ಹೆಜ್ಜೆ 4: ಇವುಗಳ ಪರಸ್ಪರ ಸಂಬಂಧ ಗಮನಿಸಿ. ಆಚಾರ್ಯರು ಬೇರೆಬೇರೆಯಾಗುವುದು ಇದರಲ್ಲಿ. ಶಂಕರರಿಗೆ ಕರ್ಮ ಚಿತ್ತಶುದ್ಧಿಗೆ, ಮೋಕ್ಷ ಜ್ಞಾನದಿಂದ. ರಾಮಾನುಜರಿಗೆ ಕರ್ಮ, ಜ್ಞಾನಗಳು ಭಕ್ತಿಗೆ ಅಂಗ. ಮಧ್ವರಿಗೆ ಹರಿಯ ಮಾಹಾತ್ಮ್ಯದ ಅರಿವು ಕೂಡಿದ ಸ್ನೇಹವೇ ಭಕ್ತಿ, ಮೋಕ್ಷ ಅವನ ಪ್ರಸಾದದಿಂದ. ಯಾರ ವ್ಯಾಖ್ಯಾನ ಓದುತ್ತಿದ್ದೀರಿ ಎಂದು ತಿಳಿಯದೆ ಹೋಲಿಸಿದರೆ ಎಲ್ಲವೂ ಕಲಸಿಹೋಗುತ್ತದೆ.

ಪ್ರಶ್ನಾವಳಿ ತುಂಬಿ ‘ನಿಮ್ಮ ಯೋಗ ಇದು’ ಎಂದು ತಿಳಿಸುವ ಆ್ಯಪ್‌ಗಳಿಗಿಂತ ಗೀತೆಯ ಹನ್ನೆರಡನೇ ಅಧ್ಯಾಯದ 8ರಿಂದ 11ನೇ ಶ್ಲೋಕಗಳನ್ನು ಓದಿ. ಅಲ್ಲಿ ಕೃಷ್ಣ ಹೇಳುವುದು ಇಷ್ಟು: ಮನಸ್ಸನ್ನು ನನ್ನಲ್ಲಿ ನಿಲ್ಲಿಸು. ಆಗದಿದ್ದರೆ ಅಭ್ಯಾಸ ಮಾಡು. ಅದೂ ಆಗದಿದ್ದರೆ ನನಗಾಗಿ ಕೆಲಸ ಮಾಡು. ಅದಕ್ಕೂ ಶಕ್ತಿಯಿಲ್ಲದಿದ್ದರೆ ಫಲವನ್ನು ಬಿಡು. ಕೊನೆಯ ಮೆಟ್ಟಿಲು ಕೀಳೆಂದು ತಳ್ಳಬೇಡಿ: ಮುಂದಿನ ಶ್ಲೋಕ ಕರ್ಮಫಲತ್ಯಾಗವನ್ನು ಧ್ಯಾನಕ್ಕಿಂತ ಮೇಲಿಡುತ್ತದೆ.