ತೆರೆದ ತಗ್ಗಿಗೆ ಬಿದ್ದರೆ ಸರಕಾರದಿಂದ ಪರಿಹಾರ ಕೇಳುವುದು ಹೇಗೆ

ಅವ್ವನಿಗೆ ಆಗ 54 ವರ್ಷ. ರಾತ್ರಿ ಏಳೂವರೆಗೆ ಗಿರಣಿಯಿಂದ ಜೋಳದ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಬರುತ್ತಿದ್ದಳು. ನೀರಿನ ಪೈಪಿಗೆಂದು ನಮ್ಮ ಓಣಿಯಲ್ಲಿ ತಗ್ಗು ತೋಡಿ ಹನ್ನೊಂದು ದಿನ ಆಗಿತ್ತು. ಸುತ್ತ ಒಂದು ಹಗ್ಗ ಇಲ್ಲ, ಅಡ್ಡ ಕಲ್ಲಿಲ್ಲ, ಕಂಬದಲ್ಲಿ ದೀಪ ಇಲ್ಲ. ಬಿದ್ದಳು. ತೊಡೆಯ ಮೂಳೆ ಮುರಿದು ರಾಡ್ ಹಾಕಬೇಕಾಯಿತು.

ನಾನು ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ದಿನಾ ಹತ್ತಾರು ಅರ್ಜಿ ಟೈಪ್ ಮಾಡುತ್ತೇನೆ. ಆದರೂ ಮೊದಲ ವಾರ ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಕೇಸು ನಿಲ್ಲುವುದೂ ಬೀಳುವುದೂ ಆ ವಾರದ ಕಾಗದಗಳ ಮೇಲೆಯೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಸ್ಪತ್ರೆಯ ಚೀಟಿ ನೋಡಿ. ಕ್ಯಾಶುವಾಲ್ಟಿಯಲ್ಲಿ ಗದ್ದಲ ಇರುತ್ತದೆ. "ಹೆಂಗ ಬಿದ್ರಿ?" ಅಂದಾಗ ನೋವಿನಲ್ಲಿ ಅವ್ವ "ಬಿದ್ದೆರಿ" ಅಂದಳು ಅಷ್ಟೆ. ಚೀಟಿಯಲ್ಲಿ "ಜಾರಿ ಬಿದ್ದಿದ್ದಾರೆ" ಅಂತ ಬಂತು. ಇದೇ ಮುಂದೆ ಎದುರು ಪಾರ್ಟಿಯ ಕೈಗೆ ಸಿಗುವ ಮೊದಲ ಕಾಗದ. ಮನೆಯಲ್ಲೇ ಜಾರಿದರು ಅಂತ ವಾದ ಮಾಡುತ್ತಾರೆ. ನಾನು ಮರುದಿನ ಡಾಕ್ಟರ್ ಹತ್ತಿರ ಹೋಗಿ ಕೈಮುಗಿದು ಕೇಳಿದೆ. "ರಸ್ತೆಯಲ್ಲಿ ತೋಡಿದ್ದ ತೆರೆದ ತಗ್ಗಿನಲ್ಲಿ ಬಿದ್ದು" ಅಂತ ಸೇರಿಸಿ, ಸಹಿ, ತಾರೀಕು ಹಾಕಿ ಕೊಟ್ಟರು. ನೀವು ಮೊದಲ ದಿನವೇ ಹೀಗೆ ಬರೆಸಿ. ಎಂಎಲ್‌ಸಿ ಮಾಡಿ, ಅಂದರೆ ಪೊಲೀಸರಿಗೆ ತಿಳಿಸುವ ಕೇಸು ಅಂತ ದಾಖಲಿಸಿ ಅಂತಲೂ ಕೇಳಿ.

ಇನ್ನೊಬ್ಬರು ಆಸ್ಪತ್ರೆಯಲ್ಲಿರಲಿ, ಒಬ್ಬರು ಜಾಗಕ್ಕೆ ಓಡಿ. ಸುದ್ದಿ ಹಬ್ಬಿದ ಕೂಡಲೇ ತಗ್ಗು ಮುಚ್ಚುತ್ತಾರೆ. ನಮ್ಮಲ್ಲಿ ಮರುದಿನ ಹನ್ನೊಂದು ಗಂಟೆಗೆ ಜೆಸಿಬಿ ಬಂತು. ಅಷ್ಟರೊಳಗೆ ತಮ್ಮ ಬೆಳಿಗ್ಗೆ ಆರಕ್ಕೇ ಹೋಗಿ ಟೇಪು ಹಿಡಿದು ಫೋಟೊ ತೆಗೆದಿದ್ದ. ಆಳ ನಾಲ್ಕೂವರೆ ಅಡಿ. ಒಂದು ಫೋಟೊದಲ್ಲಿ ತಗ್ಗಿನ ತಳದ ಕೆಸರಿನ ಮೇಲೆ ಹಿಟ್ಟು ಚೆಲ್ಲಿದ್ದು, ಡಬ್ಬಿಯ ಮುಚ್ಚಳ ಬಿದ್ದಿದ್ದು ಕಾಣುತ್ತದೆ. ಅವ್ವ ಬಿದ್ದದ್ದು ಅಲ್ಲೇ ಅಂತ ಹೇಳಲು ಬೇರೆ ಸಾಕ್ಷಿ ಬೇಕಾಗಲಿಲ್ಲ. ಹಿಂದಿರುವ ಅಂಗಡಿ, ಕಂಬದ ನಂಬರು ಕಾಣುವಂತೆ ತೆಗೆಯಿರಿ. ಅಕ್ಕಪಕ್ಕದ ಇಬ್ಬರ ಹೆಸರು, ಫೋನ್ ನಂಬರು ಬರೆದಿಟ್ಟುಕೊಳ್ಳಿ.

ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 125 ಇದಕ್ಕೆ ಬರುತ್ತದೆ, ಅಂದರೆ ನಿರ್ಲಕ್ಷ್ಯದಿಂದ ಬೇರೆಯವರಿಗೆ ಪೆಟ್ಟು ಮಾಡಿದ್ದು. ದೂರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ.

ಆಮೇಲೆ ತಗ್ಗು ತೋಡಿಸಿದ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ. ಫೀಸು 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. "ಯಾಕೆ ಮುಚ್ಚಲಿಲ್ಲ" ಅಂತ ಕೇಳಬೇಡಿ, ಉತ್ತರ ಬರುವುದಿಲ್ಲ. ಕಾಗದ ಕೇಳಿ. ಕಾಮಗಾರಿ ಆದೇಶ, ಗುತ್ತಿಗೆದಾರನ ಹೆಸರು, ಕೆಲಸ ಶುರುವಾದ ದಿನ, ಎಂ.ಬಿ. ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಪುಟ, ಟೆಂಡರಿನ ಸುರಕ್ಷತೆಯ ಷರತ್ತು. ನಮಗೆ ಬಂದ ಷರತ್ತಿನಲ್ಲಿ ಬ್ಯಾರಿಕೇಡ್ ಮತ್ತು ರಾತ್ರಿ ಕೆಂಪು ದೀಪ ಕಡ್ಡಾಯ ಅಂತ ಅವರೇ ಬರೆದಿದ್ದರು. ಓದಿದಾಗ ನನಗೆ ಅಳು ಬಂತು. "ಅದು ಗುತ್ತಿಗೆದಾರನ ತಪ್ಪು" ಅಂತ ಕಚೇರಿಯವರು ಹೇಳಿಯೇ ಹೇಳುತ್ತಾರೆ. ಹೇಳಲಿ. ನೀವು ಕಚೇರಿ, ಗುತ್ತಿಗೆದಾರ ಇಬ್ಬರನ್ನೂ ಪಾರ್ಟಿ ಮಾಡಿ.

ಸರಕಾರದ ಮೇಲೆ ಕೇಸು ಹಾಕಲು ಆಗುತ್ತದಾ ಅಂತ ಅಂಗಡಿಗೆ ಬಂದವರು ಈಗಲೂ ಕೇಳುತ್ತಾರೆ. ಆಗುತ್ತದೆ. 1962ರಲ್ಲೇ ರಾಜಸ್ಥಾನದ ವಿದ್ಯಾವತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕಲೆಕ್ಟರ್ ಜೀಪಿನ ಅಪಘಾತಕ್ಕೆ ಸರಕಾರವೇ ಹೊಣೆ ಅಂದಿತು. ದಿಲ್ಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತಾಗ 1966ರಲ್ಲಿ ಪಾಲಿಕೆಯನ್ನು ಹೊಣೆ ಮಾಡಿತು. ಕರೆಂಟಿನ ತಂತಿ ಹರಿದು ಬಿದ್ದ ಶೈಲ್ ಕುಮಾರಿ ಕೇಸಿನಲ್ಲಿ, 2002ರಲ್ಲಿ, ನಿರ್ಲಕ್ಷ್ಯ ತೋರಿಸಿಕೊಡುವ ಅಗತ್ಯವೂ ಇಲ್ಲ, ವಿದ್ಯುತ್ ಮಂಡಳಿ ಕೊಡಲೇಬೇಕು ಅಂದಿತು. ಇದು ಯಾರ ಕೃಪೆಯೂ ಅಲ್ಲ, ಭಿಕ್ಷೆಯೂ ಅಲ್ಲ.

ಮೊದಲು ನೋಟಿಸ್ ಕೊಡಿ. ಸರಕಾರದ ಇಲಾಖೆ ಆದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 80ರಂತೆ ಎರಡು ತಿಂಗಳ ನೋಟಿಸ್ ಕೊಟ್ಟೇ ದಾವೆ ಹೂಡಬೇಕು. ನಗರಸಭೆ, ಪಾಲಿಕೆಗಳಿಗೆ ಅವುಗಳ ಕಾಯ್ದೆಯಲ್ಲೇ ಬೇರೆ ನಿಯಮ ಇದೆ. ದಾವೆ ಹೂಡುವ ಗಡುವು ಆರು ತಿಂಗಳು ಅಂದುಕೊಂಡೇ ಓಡಾಡಿ, ತಡ ಮಾಡಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಏಳಬೇಡಿ. ಅಂಚೆಯಲ್ಲಾದರೆ ಈಗ ರಿಜಿಸ್ಟರ್ ಪೋಸ್ಟ್ ಬೇರೆ ಇಲ್ಲ, 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ. ತಲುಪಿದ ರಸೀದಿ ಬೇಕು ಅಂತ ಕೌಂಟರಿನಲ್ಲೇ ಹೇಳಿ.

ಎಷ್ಟು ಕೇಳಬೇಕು? ಆಸ್ಪತ್ರೆ, ಔಷಧಿ, ಕಲಬುರಗಿಗೆ ಹೋಗಿ ಬಂದ ಗಾಡಿ ಖರ್ಚು, ಜೊತೆಗಿದ್ದವರ ಕೂಲಿ, ನೋವು, ಎಲ್ಲ ಸೇರುತ್ತದೆ. ದೊಡ್ಡ ಮೊತ್ತ ಮಾತ್ರ ದುಡಿಮೆಯ ನಷ್ಟದ್ದು. ವಾಹನ ಅಪಘಾತದ ಕೇಸುಗಳಲ್ಲಿ ಬಳಸುವ ಲೆಕ್ಕವನ್ನೇ ವಕೀಲರು ನಮಗೂ ಹಾಕಿದರು. ತಿಂಗಳಿಗೆ 10,000 ದುಡಿಮೆ, ವರ್ಷಕ್ಕೆ 1,20,000. ಅಂಗವೈಕಲ್ಯ ಶೇ 20 ಅಂದರೆ 24,000. ವಯಸ್ಸು 51ರಿಂದ 55 ಇದ್ದರೆ 11ರಿಂದ ಗುಣಿಸುತ್ತಾರೆ, 2,64,000 ಆಯಿತು. "ಮನೆಯಲ್ಲೇ ಇರುತ್ತಾರಲ್ಲ, ಏನು ದುಡಿಮೆ" ಅಂತ ಯಾರಾದರೂ ಅಂದರೆ ಸುಮ್ನಿರಬೇಡಿ. ರೊಟ್ಟಿ ಬಡಿಯುವುದೂ ದುಡಿಮೆಯೇ, ಕೋರ್ಟುಗಳು ಅದಕ್ಕೆ ಬೆಲೆ ಕಟ್ಟಿವೆ.

ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡಿ. ಹೆಂಗಸರು, ಮಕ್ಕಳು, ಎಸ್‌ಸಿ, ಎಸ್‌ಟಿ, ಅಂಗವಿಕಲರು, ಇವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಇಲ್ಲವೇ 15100ಕ್ಕೆ ಫೋನ್ ಮಾಡಿ. ನೀರು, ಕರೆಂಟು, ಆಸ್ಪತ್ರೆಯಂಥ ಸೇವೆಯ ವ್ಯಾಜ್ಯ ಆದರೆ ಖಾಯಂ ಲೋಕ ಅದಾಲತ್ ಒಳ್ಳೆಯ ದಾರಿ. ಕೋರ್ಟ್ ಶುಲ್ಕ ಇಲ್ಲ, 1 ಕೋಟಿವರೆಗೆ ಕೇಳಬಹುದು, ರಾಜಿ ಆಗದಿದ್ದರೂ ಅಲ್ಲೇ ತೀರ್ಪು ಕೊಡುತ್ತಾರೆ. ಬೇರೆ ಕೋರ್ಟಿಗೆ ಹೋಗುವ ಮುಂಚೆಯೇ ಅಲ್ಲಿಗೆ ಹೋಗಬೇಕು. ತಪ್ಪು ಎದ್ದು ಕಾಣುವ, ದೊಡ್ಡ ಕೇಸಾದರೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರಿಟ್ (ಹಕ್ಕಿಗೆ ಧಕ್ಕೆಯಾಯಿತು ಅಂತ ನೇರ ಹೈಕೋರ್ಟಿಗೇ ಕೊಡುವ ಅರ್ಜಿ) ಹಾಕಬಹುದು. 2013ರಿಂದ ಅದು ಖಾಯಂ ಪೀಠ, ಬೀದರ್, ಯಾದಗಿರಿಯವರೂ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಒಂದು ಎಚ್ಚರ ಇರಲಿ. ಮೂರನೇ ವಾರ ಒಬ್ಬರು ಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹದಿನೈದು ಸಾವಿರ ಕೊಟ್ಟು ಒಂದು ಹಾಳೆ ಮುಂದಿಟ್ಟರು. "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಅಂತ ಕೊನೆಯ ಸಾಲು. ಅವ್ವನಿಗೆ ಓದಲು ಬರುವುದಿಲ್ಲ. ಮಂಚದ ಮೇಲಿಂದಲೇ ನನ್ನ ಕಡೆ ನೋಡಿ, "ಮಗಳು ಅಂಗಡಿ ಮುಚ್ಚಿ ಓದಿ ಹೇಳ್ತಾಳ್ರಿ, ಹಾಳಿ ಇಲ್ಲೇ ಇಡ್ರಿ" ಅಂದಳು. ಅವರು ಹಾಳೆ ಮಡಚಿಕೊಂಡು ಹೋದರು. ಹಣ್ಣು ಉಳಿಯಿತು.